ಬಾಚಲೆಗೇ ಗೊತ್ತಿಲ್ಲದ ಬೀಗಮಾತು

ಬಹಳ ಹಿಂದೆ, ಅಕ್ಷರಗಳಿಗೆ ಇನ್ನೂ ಕಾಲಿದ್ದ ಕಾಲದಲ್ಲಿ, ಹೊಂಬಾಳೆಪುರ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ಓಲೆಗಳನ್ನು ಕಾಯುವ ಕೆಲಸ ಬಾಚಲೆಯದು. ಆ ರಾಜ್ಯದ ಓಲೆಗೆ ಬಾಯಿ ತಾಗಿಸಿ ಒಂದು ಬೀಗಮಾತು ಉಸುರಿದರೆ ಸಾಕು. ಆ ಮಾತು ಹೇಳದೆ ಯಾರು ಬಿಚ್ಚಿದರೂ ಅಕ್ಷರಗಳು ಇರುವೆಗಳ ಹಾಗೆ ಸರಸರ ಓಡಿ ಹಿಂಬದಿಗೆ ಅಡಗುತ್ತಿದ್ದವು. ಹೊರಳಿಸಿದರೆ ಮತ್ತೆ ಮುಂಬದಿಗೆ.

ಒಂದು ದಿನ ಪಕ್ಕದ ಸುರಗಿಪಟ್ಟಣದಿಂದ ಬಾಚಲೆಯ ಅಕ್ಕ ಕೇತಲೆ ಹೊಳೆ ದಾಟಿ ಬರುವ ಬಳೆಗಾರ್ತಿಯ ಕೈಲಿ ಹೇಳಿಕಳಿಸಿದಳು. ಗುಡುಗುಗಂಟಲ ಎಂಬ ಮಾಂತ್ರಿಕ ಊರಿನವರನ್ನೆಲ್ಲ ಎಮ್ಮೆ ಕೋಣಗಳನ್ನಾಗಿ ಮಾಡಿಬಿಟ್ಟಿದ್ದ. ಅಲ್ಲಿಯ ರಾಜ ಸಿಂಹಾಸನದ ಮೇಲೆ ಕೂತು ಮೆಲುಕು ಹಾಕುತ್ತಿದ್ದ. ಉಪ್ಪಿನಕಾಯಿ ತೆಗೆಯಲು ಅಟ್ಟ ಹತ್ತಿದ್ದ ಕೇತಲೆ ಒಬ್ಬಳೇ ಮಾಟಕ್ಕೆ ಸಿಗದೆ ಉಳಿದಿದ್ದಳು.

"ಬೇಗ ಏನಾದರೂ ಮಾಡೇ ಬಾಚಿ. ಮುನ್ನೂರು ಬಾಯಿಗೆ ನಾನೊಬ್ಬಳೇ ಹುಲ್ಲು ಕೊಯ್ಯುತ್ತಿದ್ದೇನೆ. ನಿಮ್ಮ ಭಾವ ನನ್ನನ್ನೇ ಹಾಯಲು ಬರುತ್ತಾರೆ. ಈ ಹುಣ್ಣಿಮೆ ಕಳೆದರೆ ಇವರು ಮತ್ತೆ ಮನುಷ್ಯರಾಗುವುದಿಲ್ಲವಂತೆ!"

ಸುರಗಿಯ ಕಾಡಿನಲ್ಲಿ ಮೂರು ಮಾಯದ ಒರತೆಗಳಿದ್ದವು. ಯಾವುದೇ ಒಂದರ ನೀರು ಕುಡಿಸಿದರೂ ಮಾಟ ಬಿಡುತ್ತಿತ್ತು. ಆದರೆ ಅಲ್ಲಿಗೆ ಹೋಗುವ ದಾರಿ ಇದ್ದದ್ದು ಬಾಚಲೆಯ ಬಳಿಯ ಮೂರು ಹಳೆಯ ಓಲೆಗಳಲ್ಲಿ. ಒಂದೊಂದು ದಾರಿಗೂ ನೂರೆಂಟು ತಿರುವು. ಓದಿದರೂ ಯಾರಿಗೂ ನೆನಪಿರದು. ಎರಡು ರಾಜ್ಯಗಳ ನಡುವಿನ ಕಣಿವೆಯಲ್ಲೋ ಮಾಂತ್ರಿಕ ಕೂತಿದ್ದ. ಯಾವ ದಾರಿಯಲ್ಲಿ ತಂದರೂ ಓಲೆಯ ವಾಸನೆ ಹರದಾರಿ ದೂರದಿಂದಲೇ ಅವನ ಮೂಗಿಗೆ ಹತ್ತುತ್ತಿತ್ತು. ಅವನು "ಹೇಳು!" ಎಂದು ಗುಡುಗಿದರೆ ಎದುರಿದ್ದವರ ಬಾಯಿಂದ ನಿಜ ತಾನಾಗಿ ಉದುರುತ್ತಿತ್ತು.

"ಬೀಗಮಾತು ನಾನೇ ಇಡುತ್ತೇನೆ," ಎಂದ ಹೊಂಬಾಳೆಪುರದ ರಾಜ ಭುವನಭೂಷಣ. ಇಟ್ಟದ್ದು ತನ್ನ ಹೆಸರನ್ನೇ.

"ಮಹಾಪ್ರಭು, ಅದನ್ನು ಯಾರು ಬೇಕಾದರೂ ಊಹಿಸುತ್ತಾರೆ," ಎಂದಳು ಬಾಚಲೆ.

"ಊಹಿಸಲಿ! ಕೇತಲೆಯೂ ಊಹಿಸಬೇಡವೇ?"

ಅರಮನೆಯ ಓಟಗಾರ ಓಲೆ ಹೊತ್ತು ಹೋದ. ಮಾಂತ್ರಿಕ ಅದನ್ನು ಕಿತ್ತುಕೊಂಡು, ಏನೂ ಕೇಳದೆ, ಆಕಳಿಸುತ್ತ "ಭುವನಭೂಷಣ" ಎಂದ. ಅಕ್ಷರಗಳು ಸಾಲಾಗಿ ನಿಂತವು. ಅವನು ಮೊದಲನೆಯ ಒರತೆಯನ್ನು ಒಂದೇ ಗುಟುಕಿಗೆ ಕುಡಿದು ತೇಗಿದ.

ಎರಡನೆಯ ಸಲ ರಾಜ ಊಟ ಬಿಟ್ಟು ಯೋಚಿಸಿ "ಜಂಬೂಫಲಚೂರ್ಣಿಕೆ" ಎಂದು ಉಸುರಿದ. ಅದನ್ನು ಯಾರೂ ಊಹಿಸುವಂತಿರಲಿಲ್ಲ. ಆದರೆ ಕೇತಲೆಗೆ ತಿಳಿಯಬೇಕಲ್ಲ ಎಂದು, ಬಾಚಲೆಗೂ ಹೇಳದೆ, ಓಲೆಯ ಚೀಲದ ಮೇಲೆಯೇ ಆ ಮಾತನ್ನು ಜರಿಯಲ್ಲಿ ಹೊಲಿಸಿಬಿಟ್ಟ. ಮಾಂತ್ರಿಕ ಚೀಲ ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ, ಗಟ್ಟಿಯಾಗಿ ಓದಿದ. ಎರಡನೆಯ ಒರತೆಯೂ ಬತ್ತಿತು.

ಓಟಗಾರ ಬರಿಗೈಯಲ್ಲಿ ಬಂದಾಗ ಬಾಚಲೆ ಕೂತು ಅತ್ತಳು. ಹುಣ್ಣಿಮೆಗೆ ಇನ್ನು ಎಂಟೇ ದಿನ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ರಾಜನೆದುರು ನಿಂತಳು.

"ಈ ಸಲ ಬೀಗಮಾತು ನೀವಿಡಬಾರದು, ಮಹಾಪ್ರಭು."

"ಮತ್ತೆ ನೀನಿಡುತ್ತೀಯೋ?"

"ನಾನೂ ಇಡಬಾರದು. ಗೊತ್ತಿದ್ದರೆ ತಾನೇ ಬಾಯಿಂದ ಉದುರುವುದು?"

ಹರಿಗೋಲಿನಲ್ಲಿ ಸುರಗಿಗೆ ಹೋಗಿಬರುತ್ತಿದ್ದ ಬಳೆಗಾರ್ತಿ ಮಾರವ್ವನನ್ನು ಅವಳು ಕರೆಸಿದಳು. "ಅವ್ವಾ, ನಿನ್ನ ಮನಸ್ಸಿಗೆ ಏನು ಬರುತ್ತದೋ ಅದನ್ನು ಈ ಓಲೆಗೆ ಉಸುರು. ಹೊಳೆದಾರಿಯಲ್ಲಿ ಹೋಗಿ ನಮ್ಮಕ್ಕನ ಕಿವಿಯಲ್ಲಿ ಹೇಳು. ನನಗೆ ಮಾತ್ರ ಹೇಳಬೇಡ," ಎಂದು ಕಿವಿಗೆ ಹತ್ತಿ ತುರುಕಿಕೊಂಡಳು. ಮಾರವ್ವ ಕಿಸಕ್ಕನೆ ನಕ್ಕು ಉದ್ದಕ್ಕೆ ಏನೋ ಉಸುರಿ ಹೊರಟಳು. ಅವಳು ಹೋಗಿ ಮೂರು ದಿನ ಕಳೆದ ಮೇಲೆ ಬಾಚಲೆ ತಾನೇ ಓಲೆ ಹಿಡಿದು ಕಣಿವೆಗೆ ನಡೆದಳು.

"ಹೇಳು! ಬೀಗಮಾತು ಏನು?" ಎಂದು ಮಾಂತ್ರಿಕ ಗುಡುಗಿದ.

"ಗೊತ್ತಿಲ್ಲ."

"ಹೇಳು! ಯಾರಿಗೆ ಗೊತ್ತು?"

"ಬಳೆಗಾರ್ತಿಗೆ. ಹೊಳೆ ದಾಟಿ ಹೋಗಿದ್ದಾಳೆ."

"ಅವಳ ಹಿಂದೆ ಓಡಿ ನಾನೇನು ಬಳೆ ತೊಡಬೇಕೇ? ನನಗೆ ಬಾರದ ಮಾತು ಯಾವುದಿದೆ!"

ದೇವರ ಹೆಸರೆಲ್ಲ ಹೇಳಿದ. ಹಕ್ಕಿಗಳ ಹೆಸರು, ಸೊಪ್ಪಿನ ಹೆಸರು, ಸಿಹಿತಿಂಡಿಗಳ ಹೆಸರು ಹೇಳಿದ. ಬೈಗುಳಗಳನ್ನೂ ಬಿಡಲಿಲ್ಲ. ಅಕ್ಷರಗಳು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಓಡುತ್ತಲೇ ಇದ್ದವು. ಬಾಚಲೆ ಬಂಡೆಯ ಮೇಲೆ ಕೂತು ಬುತ್ತಿ ಉಂಡಳು. ಮೊದಲ ದಿನ ಅವನ ದನಿ ಗುಡುಗಿತು, ಎರಡನೆಯ ದಿನ ಕಾಗೆಯಾಯಿತು, ಮೂರನೆಯ ದಿನ ಬರೀ ಗಾಳಿ ಬಂತು. ರೇಗಿ ಅವಳನ್ನು ಎಮ್ಮೆ ಮಾಡಲು ಮಂತ್ರ ಹೇಳಿದರೆ "ಫುಸ್" ಎಂದಿತು.

ಬಾಚಲೆ ಎದ್ದು ಅವನ ಕೈಯಿಂದ ಓಲೆ ಬಿಡಿಸಿಕೊಂಡಳು. "ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿ, ಅಣ್ಣಾ," ಎಂದು ಹೇಳಿ ಮುಂದೆ ನಡೆದಳು.

ಹುಣ್ಣಿಮೆಯ ಬೆಳಗ್ಗೆ ಕೇತಲೆ ಓಲೆಯನ್ನು ಕೈಗೆತ್ತಿಕೊಂಡು ನಗು ತಡೆಯುತ್ತ ಹೇಳಿದಳು: "ಅತ್ತೆಯ ಬೆಕ್ಕಿಗೆ ಆರು ಜುಮುಕಿ, ಸೊಸೆಯ ಕಿವಿಗೆ ಬೇವಿನಕಡ್ಡಿ!"

ಅಕ್ಷರಗಳು ಸಾಲುಗಟ್ಟಿ ನಿಂತವು. ಅಕ್ಕತಂಗಿಯರು ನೂರೆಂಟು ತಿರುವು ತಿರುಗಿ ನೀರು ಹೊತ್ತು ತಂದರು, ಸಂಜೆಯೊಳಗೆ ಮುನ್ನೂರು ಬಾಯಿಗೂ ಕುಡಿಸಿದರು. ಕೊಂಬು ಉದುರಿದವು, ಬಾಲ ಉದುರಿದವು, ಊರಿಗೆ ಊರೇ ಎರಡು ಕಾಲಿನ ಮೇಲೆ ಎದ್ದು ನಿಂತಿತು. ಕೇತಲೆಯ ಗಂಡ ಅವಳನ್ನು ನೋಡಿ, "ಹುಲ್ಲು ಬಲು ರುಚಿಯಾಗಿತ್ತು ಕಣೇ," ಎಂದ. ಅವಳು ನಕ್ಕು, ನಗುತ್ತಲೇ ಅತ್ತುಬಿಟ್ಟಳು.

ದನಿ ಹೋದ ಮಾಂತ್ರಿಕನನ್ನು ಸುರಗಿಯವರು ಕೊಟ್ಟಿಗೆಯ ಕೆಲಸಕ್ಕೆ ಇಟ್ಟುಕೊಂಡರು. ಅರಮನೆಯಿಂದ ಹಿಡಿದು ಓಣಿಯ ತನಕ ಸಗಣಿ ಬಾಚುವುದು ಬೇಕಾದಷ್ಟಿತ್ತು. ಆ ಕೆಲಸಕ್ಕೆ ಮಾತೇನೂ ಬೇಕಿರಲಿಲ್ಲ. ಎರಡೂ ರಾಜ್ಯದವರು ಬಿಸಿಯನ್ನ ಉಂಡು, ತಂಪು ನೀರು ಕುಡಿದು, ಬಹುಕಾಲ ನಗುನಗುತ್ತ ಬಾಳಿದರು.