ಬೀಗದೊಳಗಿನ ಪಂಪು

ಬೀಗ ಹಾಕಿದೆ. ಕೀಲಿಕೈ ತನ್ನ ಮುಷ್ಟಿಯಲ್ಲೇ ಇದೆ. ಹಾಗಾದರೆ ಒಳಗೆ ಪಂಪು ಓಡಿಸುತ್ತಿರುವುದು ಯಾರು?

ಹುಡುಗಿ ಪಂಪಿನ ಕೋಣೆಯ ಮುಂದೆ ನಿಂತೇಬಿಟ್ಟಳು. ಹೊಲದ ಮೇಲೆ ಬೆಳಗಿನ ಮಂಜು ತೇಲುತ್ತಿತ್ತು. ಬಾಗಿಲ ಹಿಂದೆ 'ಗುಂಯ್' ಎಂಬ ಸದ್ದು.

ನಿನ್ನೆ ಸಂಜೆ ಅಪ್ಪ ಮೊದಲ ಸಲ ಅವಳಿಗೆ ಕೀಲಿಕೈ ಕೊಟ್ಟಿದ್ದ. "ಪಂಪ್ ಆಫ್ ಮಾಡಿ ಬೀಗ ಹಾಕು. ಸರಿಯಾಗಿ ಮಾಡಿದ್ರೆ ಇನ್ಮೇಲೆ ಕೀ ನಿಂದೇ" ಎಂದಿದ್ದ. ಅವಳು ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಕತ್ತಲೆಯಲ್ಲಿ ಪಂಪು ಸುಮ್ಮನಿತ್ತು. ಯಾರೋ ಆಫ್ ಮಾಡಿದ್ದಾರೆ ಎಂದುಕೊಂಡು ಬೀಗ ಹಾಕಿ ಓಡಿಬಂದಿದ್ದಳು.

ಈಗ ಒಂದು ಹೆಜ್ಜೆ ಮುಂದಿಟ್ಟಳು. ಸದ್ದು ನಿಂತಿತು. ಒಳಗಿರುವವರು ಉಸಿರು ಬಿಗಿಹಿಡಿದು ಆಲಿಸುತ್ತಿರುವ ಹಾಗೆ. ಹಿಂದೆ ಸರಿದಳು. ಮತ್ತೆ ಗುಂಯ್!

"ಅಣ್ಣಾ!"

ಅಣ್ಣ ಹಲ್ಲುಜ್ಜುತ್ತಲೇ ಓಡಿಬಂದ. "ಏನೇ ಕಪ್ಪೆ, ಯಾಕೆ ಕಿರುಚ್ತೀಯಾ?"

"ಒಳಗೆ... ಯಾರೋ ಇದಾರೆ ಕಣೋ."

ಅವನು ಕೀಲಿಕೈ ಕಿತ್ತುಕೊಂಡು ಬಾಗಿಲು ತೆರೆದ. ಯಾರೂ ಇರಲಿಲ್ಲ. ಗೋಡೆಯ ಮೇಲಿನ ಹಸಿರು ದೀಪವೊಂದು ಅವಳನ್ನೇ ದಿಟ್ಟಿಸುತ್ತಿತ್ತು.

"ಅಯ್ಯೋ ಪೆದ್ದಿ, ಸ್ವಿಚ್ ಆನ್‌ನಲ್ಲೇ ಇದೆ! ಸೋಲಾರ್ ಪಂಪ್ ಇದು. ಬಿಸಿಲು ಹೋದ್ರೆ ಮಲಗತ್ತೆ, ಬಂದ್ರೆ ತಾನೇ ಏಳತ್ತೆ. ಮಂಜು ಅಡ್ಡ ಬಂದ್ರೆ ನಿಲ್ಲತ್ತೆ. ನಿನ್ನ ದೆವ್ವ ಛಾವಣಿ ಮೇಲೆ ಪ್ಯಾನೆಲ್ ಆಗಿ ಕೂತಿದೆ, ನೋಡ್ಹೋಗು!"

ಸ್ವಿಚ್ ಆಫ್ ಮಾಡಿ ನಗುತ್ತಾ ಹೊರಗೆ ಬಂದವನು ತಟ್ಟನೆ ನಗು ನಿಲ್ಲಿಸಿದ. ಪೈಪು ಅಮ್ಮನ ಕೋಸಿನ ಸಸಿಮಡಿಯಲ್ಲೇ ಬಿದ್ದಿತ್ತು. ಮಡಿ ತುಂಬ ನೀರು. ಅರ್ಧ ಸಸಿಗಳು ಕೆಸರಿನಲ್ಲಿ ಅಡ್ಡ ಮಲಗಿದ್ದವು.

"ಇಷ್ಟು ನೀರು ಬಿಟ್ಟೋರು ಯಾರು?" ಮಂಜಿನೊಳಗಿಂದ ಅಪ್ಪನ ದನಿ ಮೊದಲು ಬಂತು, ಆಮೇಲೆ ಅಪ್ಪ.

ಹುಡುಗಿ, ಇನ್ನು ಕೀಲಿಕೈ ಹೋಯಿತು ಎಂದುಕೊಂಡಳು.

"ನಾನೇ ಅಪ್ಪಾ" ಎಂದ ಅಣ್ಣ. "ಬೆಳಗ್ಗೆ ಆನ್ ಮಾಡಿ, ಪೈಪ್ ತಿರುಗಿಸೋದು ಮರೆತೆ."

"ತಲೆ ಎಲ್ಲಿಟ್ಟಿರ್ತೀಯೋ? ಸಸಿ ಎಲ್ಲಾ ನೀನೇ ಎತ್ತಿ ನಿಲ್ಸು. ಆ ಕೀ ಅವಳಿಗೇ ಕೊಡು!"

ಅಣ್ಣ ಕೊಟ್ಟ. ಕೀಲಿಕೈಗೆ ಪೇಸ್ಟಿನ ನೊರೆ ಮೆತ್ತಿತ್ತು. ಅವಳು ಅದನ್ನು ಲಂಗಕ್ಕೆ ಒರೆಸಿಕೊಂಡು ಅವನ ಪಕ್ಕ ಕೆಸರಿಗಿಳಿದಳು.

ಅವತ್ತು ಮಧ್ಯಾಹ್ನ ಅಪ್ಪ ಮತ್ತೆ ಓಡಿಸಿದ್ದ ಪಂಪು, ಸಂಜೆ ಅವಳು ಹೋದಾಗ ನಿನ್ನೆಯಂತೆಯೇ ಸುಮ್ಮನಿತ್ತು. ಆದರೂ ಈ ಸಲ ಒಳಗೆ ಹೋದಳು. ಕತ್ತಲೆಯಲ್ಲಿ ಗೋಡೆ ತಡವಿ, ಸ್ವಿಚ್ ಹುಡುಕಿ, ಆಫ್ ಮಾಡಿದಳು. ಆಮೇಲೆ ಬೀಗ ಹಾಕಿದಳು.

ಅಣ್ಣ ಶಾಲೆಯಲ್ಲೆಲ್ಲ ಅವಳ ದೆವ್ವದ ಕತೆ ಹೇಳಿ ನಗಿಸಿದ. ಸ್ವಿಚ್ಚಿನ ವಿಷಯ ಮಾತ್ರ ಅವನು ಯಾರಿಗೂ ಹೇಳಲಿಲ್ಲ.