ಹುಳಿ ಕದ್ದ ಎಮ್ಮೆ

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ನೆಟ್ಟಗೆ ಕೂರುವುದನ್ನು ಕಲಿಯುತ್ತಿದ್ದ ಕಾಲದಲ್ಲಿ, ಹುಣಸಾವತಿ ಅಂತ ಒಂದು ರಾಜ್ಯವಿತ್ತು. ಅಲ್ಲಿಯ ಹುಣಸೆಮರ ಎಷ್ಟು ದೊಡ್ಡದು ಅಂದರೆ, ಮರಿಯಾಗಿದ್ದಾಗ ಒಂದು ಕಡೆ ಹತ್ತಿದ ಕೋತಿ ಮುದಿಯಾಗಿ ಇನ್ನೊಂದು ಕಡೆ ಇಳಿಯುತ್ತಿತ್ತು. ನಂಬದವರು ನಂಬಬೇಡಿ. ಆ ಮರದ ಒಂದು ಚಕ್ಕೆಯಲ್ಲಿ ನಮ್ಮ ಮುತ್ತಜ್ಜ ಊರಿಗೆಲ್ಲ ಬಾಗಿಲು ಮಾಡಿಸಿಕೊಟ್ಟಿದ್ದ.

ಹುಣಸಾವತಿಯವರಿಗೆ ಹುಳಿ ಇಲ್ಲದೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೋಟೆಬಾಗಿಲ ಮುಂದೆ ಬಾಳಕ್ಕ ಅನ್ನುವವಳು ಸಾರು ಮಾರುತ್ತಿದ್ದಳು. ಅವಳ ಸಾರು ಒಂದು ಗುಟುಕು ಕುಡಿದರೆ ಎಡಗಣ್ಣು ತಾನಾಗೇ ಮುಚ್ಚಿಕೊಳ್ಳುತ್ತಿತ್ತು. ಎರಡು ಗುಟುಕಿಗೆ ಸತ್ತ ಮಾವ ನೆನಪಾಗುತ್ತಿದ್ದ. ಅವಳಿಗೆ ಇದ್ದವನು ಒಬ್ಬನೇ ತಮ್ಮ, ಮೈಲಾರ. ಅಪ್ಪ ಅಮ್ಮ ಇಲ್ಲದ ಅವನನ್ನು ಅಕ್ಕನೇ ಸೊಂಟದ ಮೇಲೆ ಕೂರಿಸಿಕೊಂಡು ಸಾಕಿದವಳು. ಈಗ ಅವನಿಗೆ ಮೀಸೆ ಬಂದಿತ್ತು, ಬಾಯಿ ಅದಕ್ಕಿಂತ ಮುಂಚೆಯೇ ಬಂದಿತ್ತು. ಬೀದಿಯಲ್ಲಿ ನಿಂತು ಮಾತಾಡಿದರೆ ಹೋಗುತ್ತಿದ್ದ ಗಾಡಿ ಎತ್ತುಗಳು ನಿಂತು ಕೇಳುತ್ತಿದ್ದವು.

ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು. ಪ್ರತಿ ಯುಗಾದಿಯ ದಿನ ರಾಜ ಸಿಂಹಾಸನದ ಮುಂದೆ ನಿಂತು ಅಜ್ಜನ ಹೆಸರು, ಅಪ್ಪನ ಹೆಸರು, ತನ್ನ ಹೆಸರು ಒಂದೇ ಉಸಿರಿಗೆ ಹೇಳಬೇಕು. ಹೇಳಿದರೆ ಕೂರಬಹುದು. ಮರೆತರೆ, ಅಲ್ಲಿ ಯಾರು ಮೊದಲು ತನ್ನ ಮೂರು ಹೆಸರು ಹೇಳುತ್ತಾನೋ ಅವನೇ ರಾಜ.

ಇದು ಹೊಳಪುಮಲ್ಲ ಅನ್ನುವ ಮಾಂತ್ರಿಕನ ಕಿವಿಗೆ ಬಿತ್ತು. ಅವನ ನಿಲುವಂಗಿ ಎಷ್ಟು ಹೊಳೆಯುತ್ತಿತ್ತು ಅಂದರೆ ಅವನು ಬಂದ ದಾರಿಯಲ್ಲಿ ಕೋಳಿಗಳು ಬೆಳಗಾಯಿತೆಂದು ಕೂಗುತ್ತಿದ್ದವು. ಆ ನಿಲುವಂಗಿಯೊಳಗೆ ಮೂರು ಮಾಯಾಪ್ರಾಣಿ ಇದ್ದವು. ಒಂದು ಬೂದುಬಣ್ಣದ ಎಮ್ಮೆ, ಒಂದು ಬೆಳ್ಳಿಜಿಂಕೆ, ಒಂದು ಬಿಳಿ ಕೊಕ್ಕರೆ.

ಅವನು ಊರ ಪಾತ್ರೆಗಳಿಗೆ ಪುಕ್ಕಟೆ ಕಲಾಯಿ ಹಾಕಿಸಿಕೊಟ್ಟ. ಅರಮನೆಯ ಕಂಬ, ಉಯ್ಯಾಲೆಗೆಲ್ಲ ಚಿನ್ನದ ನೀರು ಹಿಡಿಸಿದ. ಸಂತೆಬೀದಿಯಲ್ಲಿ ಆಳವಾದ ಬಾವಿ ತೋಡಿಸಿದ. ಎಲ್ಲರೂ ಕೈಮುಗಿದರು.

ಹುಣಸಾವತಿಯಲ್ಲಿ ಹೊಸ ಪಾತ್ರೆ ಬಂದರೆ ಅದರಲ್ಲಿ ಹುಣಸೆರಸ ಕುದಿಸಿ ನೋಡುವುದು ರೂಢಿ. ಹೊಳಪುಮಲ್ಲನ ಕಲಾಯಿ ಪಾತ್ರೆಯಲ್ಲಿ ಕುದಿಸಿದರೆ, ಬೆಲ್ಲದ ಚೂರು ಹಾಕದೆಯೂ ರಸ ಸಿಹಿಯಾಯಿತು. ಅಲ್ಲೇ ಅವರು ಎಡವಿದ್ದು. ಹುಳಿ ಎಲ್ಲಿ ಹೋಯಿತು ಅಂತ ಯಾರೂ ಕೇಳಲಿಲ್ಲ. ಇದು ಲಕ್ಷ್ಮೀ ಒಲಿದ ಪಾತ್ರೆ ಅಂತ ಅರಿಸಿನ ಕುಂಕುಮ ಹಚ್ಚಿದರು. ಬಾಳಕ್ಕನೂ ತನ್ನ ಮಣ್ಣಿನ ಗಡಿಗೆ ಮೂಲೆಗಿಟ್ಟು ಹೊಳೆಯುವ ಪಾತ್ರೆ ಒಲೆಗೇರಿಸಿದಳು. ಮೈಲಾರನಿಗೆ ಮಾತ್ರ ಸಿಹಿ ಸಾರು ಸೇರಲಿಲ್ಲ. ಅವನು ಮೂಲೆಯ ಗಡಿಗೆಯಲ್ಲೇ ತನ್ನ ಪಾಲಿನ ಹುಳಿ ಕಿವುಚಿಕೊಂಡು ಉಂಡ.

ಮಳೆಗಾಲ ಕಳೆಯುವ ಹೊತ್ತಿಗೆ ಬಾಳಕ್ಕನ ಹೊಟ್ಟೆ ಹಿಂಡತೊಡಗಿತು. ವಸಡಿನ ಅಂಚಿಗೆ ನೀಲಿಗಪ್ಪು ಗೆರೆ ಬಂತು. ಮಣಿಕಟ್ಟು ಬಾಡಿದ ಬಾಳೆಎಲೆಯ ಹಾಗೆ ಜೋತುಬಿತ್ತು, ಕೈಯಲ್ಲಿ ಸೌಟು ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಅವಳು ಮೈಲಾರನ ಮುಖವನ್ನೇ ನೋಡುತ್ತಾ ಕೇಳಿದಳು:

"ನೀನು ಯಾರ ಮನೆ ಹುಡುಗನಪ್ಪಾ? ಊಟ ಆಯ್ತಾ?"

ಮೈಲಾರನ ಬಾಯಿ ಮೊದಲ ಸಲ ಮುಚ್ಚಿತು. ಹೊರಗೆ ಎತ್ತುಗಳು ಗಾಬರಿಯಾದವು.

ಅವನು ಅರಮನೆಗೆ ಓಡಿದ. ಅಲ್ಲಿ ರಾಜ ಚಿನ್ನದ ಉಯ್ಯಾಲೆಯ ಮೇಲೆ ನಡುಗುತ್ತಾ ಕೂತಿದ್ದ. ಸಿಂಹಾಸನ ತೋರಿಸಿ, ಆ ದೊಡ್ಡ ಕುರ್ಚಿ ಯಾರದಪ್ಪಾ, ಚೆನ್ನಾಗಿದೆ ಅಂದ. ಪ್ರಧಾನಿ ಮೈಲಾರನನ್ನು ಕಂಬದ ಮರೆಗೆ ಕರೆದು, ಚಳಿಗಾಲ ಕಳೆದರೆ ಯುಗಾದಿ, ಬುದ್ಧಿಯವರಿಗೆ ಅವರ ಹೆಸರೇ ಗೊತ್ತಿಲ್ಲ ಅಂತ ಕಣ್ಣೀರು ಹಾಕಿದ. ರಾಜ್ಯ ಉಳಿಸಿಕೊಡುತ್ತೀಯಾ ಅಂತ ಕೇಳಿದ. ರಾಜ್ಯ ಆಮೇಲೆ ನೋಡೋಣ, ನಮ್ಮಕ್ಕ ನನ್ನ ಹೆಸರು ಹಿಡಿದು ಕರೀಬೇಕು, ಅಷ್ಟೇ ಅಂದ ಮೈಲಾರ.

ಮನೆಗೆ ಬಂದು ಯೋಚಿಸಿದ. ಗಡಿಗೆಯಲ್ಲಿ ಉಂಡ ನಾನು ಗಟ್ಟಿಯಾಗಿದ್ದೇನೆ, ಹೊಳೆಯುವ ಪಾತ್ರೆಯಲ್ಲಿ ಉಂಡ ಅಕ್ಕ ಬಾಡಿದಳು. ಪಾತ್ರೆಯೊಳಗೆ ಇಣುಕಿದ. ಸಾರು ಮುಟ್ಟಿದಷ್ಟು ದೂರ ಕಲಾಯಿ ಸವೆದು ಮಂಕಾಗಿತ್ತು. ಪಾತ್ರೆ ಬೋರಲು ಹಾಕಿ ಬೆನ್ನಿಗೆ ಗುದ್ದಿ, "ನಮ್ಮಕ್ಕನ ಹುಳಿ ಕದ್ದವರು ಹೊರಗೆ ಬನ್ನಿ," ಅಂದ.

ಬೂದುಬಣ್ಣದ ಎಮ್ಮೆ ದೊಪ್ಪನೆ ಬಿತ್ತು. ಅದರ ನೆರಳು ಬಿದ್ದ ಚಪ್ಪಡಿಯೇ ಬಿರುಕುಬಿಟ್ಟಿತು, ಅಷ್ಟು ಭಾರ.

"ನಾನು ಸೀಸದ ಎಮ್ಮೆ. ಕಲಾಯಿಗೆ ತವರ ಹಾಕಬೇಕು, ನಿಮ್ಮ ಮಲ್ಲ ನನ್ನನ್ನು ಹಾಕಿದ. ಹುಳಿ ನನ್ನನ್ನು ನೆಕ್ಕುತ್ತೆ, ನಾನು ಸಿಹಿಯಾಗಿ ಸಾರಿಗೆ ಇಳೀತೀನಿ. ಹೊಟ್ಟೆಗೆ ಹೋಗ್ತೀನಿ, ಮೂಳೆಯಲ್ಲಿ ಮಲಗ್ತೀನಿ. ನನಗೆ ಬೇರೆ ಮನೆ ಯಾರು ಕೊಟ್ಟಿದ್ದಾರೆ?"

"ಹೊಟ್ಟೆಗೆ ಬಿಡಲ್ಲ, ಕೆಲಸಕ್ಕೆ ಬಿಡ್ತೀನಿ. ನಿನಗೇನು ಇಷ್ಟ ಹೇಳು."

"ಮುಳುಗೋದು," ಅಂತು ಎಮ್ಮೆ, ನಾಚಿಕೊಂಡು.

ಮೈಲಾರ ಅದನ್ನು ಹೊಳೆಗೆ ಹೊಡೆದುಕೊಂಡು ಹೋದ. ಅಲ್ಲಿ ಬೆಸ್ತರ ಬಲೆಗಳು ನೀರಿನ ಮೇಲೇ ತೇಲಿ, ಮೀನುಗಳು ಕೆಳಗಿಂದ ನಗುತ್ತಿದ್ದವು. ಎಮ್ಮೆ ಗುಂಡುಗುಂಡಾಗಿ ಒಡೆದು ಬಲೆಯ ಅಂಚಿಗೆ ಕೂತಿತು. ಅವತ್ತು ಸಿಕ್ಕ ಒಂದು ಮೀನಿನ ಮುಳ್ಳಿನಲ್ಲಿ ಸೇತುವೆ ಕಟ್ಟಿದರು. ಮಿಕ್ಕ ಸೀಸ ಗಾರೆಯವರ ತೂಗುಗುಂಡಾಗಿ ಗೋಡೆಗಳನ್ನು ನೆಟ್ಟಗೆ ಮಾಡಿತು. ಬೆಸ್ತರಿಗೆ ಗುಂಡನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯುವ ಅಭ್ಯಾಸ. ಇಕ್ಕಳ ಹಿಡೀರಿ, ಉಣ್ಣೋ ಮುಂಚೆ ಕೈ ತೊಳೀರಿ, ಇಲ್ಲದಿದ್ದರೆ ಎಮ್ಮೆ ಮತ್ತೆ ಮೂಳೆ ಸೇರುತ್ತೆ ಅಂತ ಮೈಲಾರ ಮನೆಮನೆಗೂ ಹೇಳಿಬಂದ.

ಆಮೇಲೆ, ಚಿನ್ನದ ಉಯ್ಯಾಲೆಯ ಮೇಲೆ ನಡುಗುತ್ತಿದ್ದ ರಾಜ ನೆನಪಾಗಿ, ಅರಮನೆಯ ಅಕ್ಕಸಾಲೆಗೆ ಹೋದ. ಅಲ್ಲಿ ಬೆಳ್ಳಿಜಿಂಕೆಯನ್ನು ಚಿನ್ನದ ಜೊತೆ ಕಲೆಸಿ ಕಂಬಕ್ಕೆ ಬಳಿದು ಬೆಂಕಿ ಹಿಡಿಯುತ್ತಿದ್ದರು. ಚಿನ್ನ ಕಂಬದಲ್ಲಿ ಉಳಿಯುತ್ತಿತ್ತು, ಜಿಂಕೆ ಕಣ್ಣಿಗೆ ಕಾಣದ ಹೊಗೆಯಾಗಿ ಮೂಗಿಗೆ ನುಗ್ಗುತ್ತಿತ್ತು. ಅಕ್ಕಸಾಲಿಗರ ಕೈ ಗಡಗಡ ನಡುಗುತ್ತಿತ್ತು, ಮಾತೆತ್ತಿದರೆ ಜಗಳ. ಮೈಲಾರ ಬೆಂಕಿ ಆರಿಸಿ ಕಿಟಕಿಗಳನ್ನೆಲ್ಲ ತೆರೆದ. ಕುಡಿಕೆಯಿಂದ ಜಿಂಕೆ ಹಾರಿ ನೆಲಕ್ಕೆ ಬಿದ್ದು ಸಾವಿರ ಮರಿಜಿಂಕೆಯಾಗಿ ಓಡಿತು. ಆಳುಗಳು ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋದರು. ಗುಡಿಸಿದಷ್ಟೂ ಒಂದು ನೂರಾಯಿತು.

"ಪೊರಕೆ ಬಿಸಾಕ್ರಯ್ಯ," ಅಂದ ಮೈಲಾರ. ಮುತ್ತುಗದ ಎಲೆ ಓರೆ ಹಿಡಿದು ಮೆಲ್ಲಗೆ ಒಂದರ ಪಕ್ಕಕ್ಕೆ ಒಂದನ್ನು ಜಾರಿಸಿದ. ಮುಟ್ಟಿದ ತಕ್ಷಣ ಅವು ಕೂಡಿಕೊಂಡು ಮತ್ತೆ ಒಂದೇ ಜಿಂಕೆಯಾದವು.

"ನಾನು ಪಾದರಸದ ಜಿಂಕೆ. ನನಗೆ ಒಂದು ಕಡೆ ನಿಲ್ಲೋಕಾಗಲ್ಲ, ಓಡಬೇಕು," ಅಂತು.

"ಉಸಿರಿಗೆ ಬಿಡಲ್ಲ, ಕೆಲಸಕ್ಕೆ ಬಿಡ್ತೀನಿ," ಅಂತ ಮೈಲಾರ ಒಂದು ಸಣ್ಣ ಗಾಜಿನ ಕೊಳವೆಯೊಳಗೆ ಅದನ್ನು ಬಿಟ್ಟು ಬಾಯಿ ಮುಚ್ಚಿಸಿದ. ಬಿಸಿ ತಗುಲಿದರೆ ಜಿಂಕೆ ಮೇಲಕ್ಕೆ ಓಡಿತು, ತಣ್ಣಗಾದರೆ ಕೆಳಗೆ ಇಳಿಯಿತು. ಯಾರಿಗೆ ಎಷ್ಟು ಜ್ವರ ಅಂತ ಅವತ್ತಿನಿಂದ ವೈದ್ಯರು ಅದನ್ನೇ ಕೇಳಿದರು. ಕೊಳವೆ ಒಡೆದರೆ ಬರಿಗೈಯಲ್ಲಿ ಆಡಬೇಡಿ, ಕಿಟಕಿ ತೆರೆದು ಎಲೆ ತನ್ನಿ ಅಂತ ಹೇಳುವುದನ್ನು ಅವನು ಮರೆಯಲಿಲ್ಲ.

ಉಳಿದದ್ದು ಕೊಕ್ಕರೆ. ಕರಗಿದರೆ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಮೈಲಾರ ಊರವರನ್ನೆಲ್ಲ ಸಾಲಾಗಿ ನಿಲ್ಲಿಸಿ ಅಂಗೈ ನೋಡಿದ. ಕೆರೆನೀರು ಕುಡಿದವರ ಅಂಗೈ ಮೆತ್ತಗಿತ್ತು. ಸಂತೆಬೀದಿಯ ಬಾವಿನೀರು ಕುಡಿದವರ ಅಂಗೈ ಗಂಟುಗಂಟಾಗಿ, ಎದೆಯ ಮೇಲೆ ಕಪ್ಪುಚುಕ್ಕೆ ಎದ್ದಿದ್ದವು. ಅವನು ಬಾವಿಕಟ್ಟೆಗೆ ಕೆಂಪು ಬಳಿಸಿ, ಈ ನೀರು ಮುಟ್ಟಿದವರು ನನ್ನ ಭಾಷಣ ಕೇಳಬೇಕಾಗುತ್ತೆ ಅಂತ ಸಾರಿದ. ಒಬ್ಬರೂ ಹತ್ತಿರ ಬರಲಿಲ್ಲ. ಕೊಡ ಇಳಿಯದ ಬಾವಿಯಲ್ಲಿ ಕೊಕ್ಕರೆಗೆ ಬೇಜಾರಾಗಿ ತಾನೇ ಮೇಲೆ ಬಂತು.

"ನಾನು ಪಾಷಾಣದ ಕೊಕ್ಕರೆ. ಹುಳ ತಿನ್ನೋಳು ನಾನು. ಅವನು ನೀರಿಗೆ ಹಾಕಿದ, ಅಲ್ಲಿ ಹುಳ ಎಲ್ಲಿದೆ?"

"ನೀರಿಗೆ ಬಿಡಲ್ಲ, ಕೆಲಸಕ್ಕೆ ಬಿಡ್ತೀನಿ."

ಕೋಟೆಬಾಗಿಲ ಮರವನ್ನು ಗೆದ್ದಲು ತಿನ್ನುತ್ತಿತ್ತು. ಕೊಕ್ಕರೆ ಆ ಮರದೊಳಗೆ ಹೊಕ್ಕು ಕೂತಿತು. ಗೆದ್ದಲು ಪಕ್ಕದ ರಾಜ್ಯಕ್ಕೆ ಓಡಿಹೋಯಿತು. ಆ ಮರದ ಚಕ್ಕೆಯನ್ನು ಮಾತ್ರ ಯಾರೂ ಒಲೆಗೆ ಹಾಕಬಾರದು ಅಂತ ಮೈಲಾರ ಬಾಗಿಲ ಪಕ್ಕ ಕಾವಲಿಟ್ಟ.

ಮೂಳೆ ಸೇರಿದ ಸೀಸ ನೆಂಟರ ಹಾಗೆ, ಬೇಗ ಎದ್ದು ಹೋಗುವುದಿಲ್ಲ. ಚಳಿಗಾಲವಿಡೀ ಊರವರು ಗಡಿಗೆಯಲ್ಲಿ ಬೇಯಿಸಿ ಉಂಡರು, ಕೆರೆನೀರು ಕುಡಿದರು. ವೈದ್ಯರು ಕಷಾಯ ಕೊಟ್ಟರು. ಬಾಳಕ್ಕನ ಹೊಟ್ಟೆನೋವು ನಿಂತಿತು, ಮಣಿಕಟ್ಟು ಎದ್ದಿತು. ತಮ್ಮನನ್ನು ಮಾತ್ರ ಅವಳು ಇನ್ನೂ "ಏ ಹುಡುಗ" ಅಂತಲೇ ಕರೆಯುತ್ತಿದ್ದಳು. ಮೈಲಾರ ಓ ಅನ್ನುತ್ತಿದ್ದ, ಆಮೇಲೆ ಹೊಳೆಯ ಕಡೆ ಹೋಗಿ ಸುಮ್ಮನೆ ಬಲೆಗೆ ಗುಂಡು ಕಟ್ಟುತ್ತಾ ಕೂರುತ್ತಿದ್ದ.

ಯುಗಾದಿ ಬಂತು. ಹೊಳಪುಮಲ್ಲ ಸಿಂಹಾಸನದ ಪಕ್ಕದಲ್ಲೇ ನಿಂತಿದ್ದ. ರಾಜ ಎದ್ದು ಬಾಯಿ ತೆರೆದ, ಅಜ್ಜನ ಹೆಸರೇ ನೆನಪಾಗಲಿಲ್ಲ. ಮಾಂತ್ರಿಕ ಗಂಟಲು ಸರಿಮಾಡಿಕೊಂಡ. ಆಗ ಬಾಳಕ್ಕ ಹಬ್ಬದ ಸಾರಿನ ಗಡಿಗೆ ಹೊತ್ತು ಬಂದಳು. ನಿಂತ ನಿಲುವಿನಲ್ಲೇ ರಾಜನಿಗೆ ಒಂದು ಬಟ್ಟಲು ಕೊಟ್ಟಳು. ರಾಜ ಒಂದು ಗುಟುಕು ಕುಡಿದ. ಮುಖ ಕಿವುಚಿಕೊಂಡಿತು. ಎಡಗಣ್ಣು ಮುಚ್ಚಿತು.

"ಬಿಲ್ಲರಸನ ಮೊಮ್ಮಗ, ಕಲಿಯರಸನ ಮಗ, ನಾನು ಚೆಲುವರಸ," ಅಂದ ರಾಜ. "ಏನು ಹುಳಿಯಮ್ಮಾ ಇದು."

ಸಭೆ ಚಪ್ಪಾಳೆ ತಟ್ಟಿತು. ಹೊಳಪುಮಲ್ಲನ ನಿಲುವಂಗಿಯ ಹೊಳಪು ಅಡಿಯಿಂದ ಮುಡಿಗೆ ಆರಿಹೋಯಿತು. ಒಳಗೆ ಉಳಿದವನು ಒಬ್ಬ ಹಸಿದ ಬೋಳುತಲೆಯ ಮನುಷ್ಯ. ಅವನಿಗೂ ಬಾಳಕ್ಕ ಊಟ ಹಾಕಿದಳು. ಆಮೇಲೆ ಅವನಿಂದಲೇ ಊರ ಪಾತ್ರೆಗಳಿಗೆ ತವರದ ಕಲಾಯಿ ಹಾಕಿಸಿದರು. ಹುಣಸೆರಸ ಹುಳಿಯಾಗಿಯೇ ಉಳಿದರೆ ಮಾತ್ರ ಅವನಿಗೆ ಅವತ್ತಿನ ಊಟ.

ಆ ಯುಗಾದಿಯ ಊಟ ಬಡಿಸುವ ಹೊತ್ತಿಗೆ ಮೈಲಾರ ಹೊಳೆಯಿಂದ ಬಂದ. ದಾರಿಯುದ್ದಕ್ಕೂ ತನ್ನ ಸಾಹಸವನ್ನು ಎತ್ತುಗಳಿಗೆ ಹೇಳುತ್ತಾ ಬಂದವನು, ಗುಂಡು ಕಟ್ಟಿದ ಬೂದುಗೈಯಲ್ಲೇ ಗಡಿಗೆಗೆ ಕೈ ಚಾಚಿದ. ಸೌಟಿನಿಂದ ಪಟ್ಟನೆ ಏಟು ಬಿತ್ತು.

"ಲೇ ಮೈಲಾರ, ಎಮ್ಮೆ ಮುಟ್ಟಿದ ಕೈ ಅದು. ತೊಳಕೊಂಡು ಬಾರೋ."

ಮೈಲಾರ ಕೆರೆಗೆ ಹೋಗಿ ಕೈ ತೊಳೆದ, ಮುಖವನ್ನೂ ತೊಳೆದ. ಅಕ್ಕನ ಪಕ್ಕ ಕೂತು ಉಂಡ. ಹುಣಸಾವತಿಯವರು ಹುಳಿ ಉಂಡು, ಒಂದು ಕಣ್ಣು ಮುಚ್ಚಿ, ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗಿಕೊಂಡು ಬಹುಕಾಲ ಸುಖವಾಗಿದ್ದರು. ಆ ಸೌಟು ಈಗಲೂ ನಮ್ಮ ಮನೆಯಲ್ಲೇ ಇದೆ.