ಖಾಲಿ ಟ್ಯಾಂಕಿನ ಮುಖ

ನಾನು ಮನೆಮನೆಯ ನೀರಿನ ಟ್ಯಾಂಕ್ ತೊಳೆಯುವವನು. ಮುಚ್ಚಳ ಹಾಕುವ ಮೊದಲು ಒಳಗೋಡೆಯ ಫೋಟೊ ತೆಗೆದು ಮನೆಯವರಿಗೆ ಕಳಿಸುತ್ತೇನೆ. ಕ್ಯಾಮೆರಾ ಫೋನ್ ಬಂದ ಮೇಲೆ ಅವರಿಗೆ ಏಣಿ ಹತ್ತುವ ಕಷ್ಟವಿಲ್ಲ, ನನಗೆ ವಾದ ಮಾಡುವ ತಲೆನೋವಿಲ್ಲ.

ಫೋಟೊಗಳಲ್ಲಿರುವ ಮುಖಗಳನ್ನು ಗುರುತು ಹಿಡಿದು ಗುಂಪು ಮಾಡುವ ಚಾಳಿ ಈ ಫೋನಿಗಿದೆ. ಹೋದ ತಿಂಗಳು ಮಧ್ಯಾಹ್ನ ಊಟಕ್ಕೆ ಕೂತಾಗ ಎರಡು ಫೋಟೊ ತೋರಿಸಿ, 'ಈ ಎರಡೂ ಮುಖ ಒಬ್ಬರದೇನಾ?' ಎಂದು ಕೇಳಿತು. ಎರಡೂ ಬೇರೆ ಬೇರೆ ಮನೆಯ ಖಾಲಿ ಟ್ಯಾಂಕುಗಳು. ಎಷ್ಟು ನೋಡಿದರೂ ನನಗೆ ಕಂಡದ್ದು ಒದ್ದೆ ಗೋಡೆ ಮಾತ್ರ.

"ಯಾರ್ರೀ ಅದು, ಅಷ್ಟೊಂದು ನೋಡ್ತಿದೀರಾ?" ಎಂದು ಹೆಂಡತಿ ನಕ್ಕಳು.

"ಯಾರೂ ಇಲ್ಲ ಕಣೆ."

'ಅಲ್ಲ' ಎಂದು ಒತ್ತಿದೆ. ಫೋನಿನ ಗಾಜು ಟ್ಯಾಂಕಿನ ತಳದಂತೆ ತಣ್ಣಗಿತ್ತು. ಕೂಡಲೇ ಇನ್ನೆರಡು ಟ್ಯಾಂಕು ತೋರಿಸಿ ಅದೇ ಪ್ರಶ್ನೆ ಕೇಳಿತು. ಮತ್ತೆ 'ಅಲ್ಲ' ಎಂದೆ. ಮೂರನೇ ಸಲ ಬಂದದ್ದು ಒಂದು ಟ್ಯಾಂಕು, ಜೊತೆಗೆ ಬಣ್ಣ ಹೊಡೆಯುವವರಿಗೆ ತೋರಿಸಲು ತೆಗೆದಿದ್ದ ನಮ್ಮ ಮಲಗುವ ಕೋಣೆಯ ಗೋಡೆ. ಕೈ ತಪ್ಪಿ 'ಹೌದು' ಒತ್ತಿಬಿಟ್ಟೆ.

ಆಮೇಲೆ ಫೋನ್ ಏನೂ ಕೇಳಿಲ್ಲ. ಬಣ್ಣದವರು ಎರಡು ಸಲ ಬಂದು, ಗೋಡೆ ಮುಟ್ಟಿ ನೋಡಿ ಹಾಗೇ ಹೋದರು. ಅದರೊಳಗೆ ಪೈಪಿಲ್ಲ, ಆಚೆ ಬದಿಗೆ ದಿನವಿಡೀ ಬಿಸಿಲು. ಆದರೂ ಆ ಗೋಡೆ ಆರುತ್ತಿಲ್ಲ.